ಹೆಂಡತಿಯ ಮಾತು ಕೇಳುವ ಫ್ಯಾನು

ಪಾರ್ಶ್ವವಾಯು ಬಡಿದು ನನ್ನ ಹೆಂಡತಿಯ ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಅವಳಿಗೆ ಫ್ಯಾನು ಬೇಕಾದರೂ ನಾನೇ ಬೇಕು, ದೀಪ ಬೇಕಾದರೂ ನಾನೇ ಬೇಕು ಎಂದಾಯಿತು. ಮಲಗಿದಲ್ಲಿಂದ “ಕೇಳಿತಾ?” ಎಂದು ಕರೆಯುತ್ತಿದ್ದಳು. ಕೇಳುತ್ತಿತ್ತು. ಆದರೂ ಪೇಪರಿನ ಪುಟ ಮುಗಿಸಿಯೇ ಏಳುತ್ತಿದ್ದೆ. ಕಾಪುವಿನ ನನ್ನ ಬಟ್ಟೆ ಅಂಗಡಿ ಮುಚ್ಚಿದ ಮೇಲೆ ಶಂಕರಪುರದ ಈ ಮನೆಯನ್ನು ಮಲ್ಲಿಗೆ ಕಟ್ಟಿ ನಡೆಸಿದವಳು ಅವಳು. ಅಂಥವಳು ಈಗ ನನಗಾಗಿ ಕಾಯುತ್ತಾಳೆ ಎಂಬುದು ನನಗೆ ಹಿತವಾಗಿತ್ತು.

ಕಾರ್ಕಳದಲ್ಲಿರುವ ಮಗಳು ಇದನ್ನು ಗಮನಿಸಿದಳೋ ಏನೋ, ಒಂದು ದಿನ ನನ್ನನ್ನು ಉಡುಪಿಯ ಅಂಗಡಿಗೆ ಎಳೆದುಕೊಂಡು ಹೋದಳು. ಬಾಯಲ್ಲಿ ಹೇಳಿದರೆ ತಿರುಗುವ ಫ್ಯಾನು ಬೇಕಂತೆ, ನಡುವೆ ದೀಪವೂ ಇರಬೇಕಂತೆ. ನಾನು ಚಿನ್ನದ ಬಣ್ಣದ, ಕೆತ್ತನೆ ರೆಕ್ಕೆಯ ಒಂದನ್ನು ತೋರಿಸಿದೆ.

“ಅದು ಮದುವೆ ಹಾಲಿಗೆ, ಪಪ್ಪಾ.”

ಅವಳು ಪ್ರತಿ ಫ್ಯಾನಿನ ಕೆಳಗೂ ನಿಂತು, ಕತ್ತು ಹಿಂದಕ್ಕೆ ಚೆಲ್ಲಿ ದೀಪವನ್ನೇ ನೋಡುತ್ತಿದ್ದಳು.

“ಎಂತ ಬಾಯೆ, ನಕ್ಷತ್ರ ಎಣಿಸುವುದಾ?” ಎಂದು ಮಗಳನ್ನು ಕೇಳಿದೆ.

“ಮಮ್ಮಿ ಇಡೀ ದಿನ ನೋಡುವುದು ಇದನ್ನೇ ಅಲ್ವಾ? ಕಣ್ಣಿಗೆ ಚುಚ್ಚಬಾರದು. ನೀವು ಒಮ್ಮೆಯಾದರೂ ಆ ಮಂಚದಲ್ಲಿ ಮಲಗಿ ನೋಡಿದ್ದೀರಾ?”

ಹಾಲುಬಣ್ಣದ ಮುಚ್ಚಳದ, ಶಬ್ದವಿಲ್ಲದ ಒಂದನ್ನು ಆರಿಸಿದಳು. “ಹಳೆಯ ರೆಗ್ಯುಲೇಟರ್ ತೆಗೆಸಿ,” ಎಂದ ಅಂಗಡಿಯವನು. “ಗೋಡೆಯ ಸ್ವಿಚ್ ಯಾವಾಗಲೂ ಆನ್ ಇರಲಿ. ಅದು ಆಫ್ ಆದರೆ ನೀವು ಎಷ್ಟು ಬೊಬ್ಬೆ ಹೊಡೆದರೂ ಫ್ಯಾನಿಗೆ ಕೇಳುವುದಿಲ್ಲ.” ಮಗಳು ತಲೆಯಾಡಿಸಿದಳು. ನೆನಪಿಟ್ಟುಕೊಂಡವನು ನಾನು.

ಹೆಂಡತಿ ಬೇಗ ಕಲಿತಳು. ಮಾತು ಕೇಳಿಸಿಕೊಳ್ಳಲೆಂದು ಮಗಳು ಮೇಜಿನ ಮೇಲೆ ಇಟ್ಟುಹೋದ ಸ್ಪೀಕರ್ ಡಬ್ಬಿಗೆ ‘ಲೈಟ್ ಆನ್’ ಎಂದರೆ ದೀಪ, ‘ಫ್ಯಾನ್ ಆನ್’ ಎಂದರೆ ಗಾಳಿ. ನೋಡಲು ಬಂದವರ ಮುಂದೆಲ್ಲ, “ಒಂದು ಸಲ ಹೇಳಿದರೆ ಸಾಕು, ಗೊಣಗುವ ಕ್ರಮ ಇಲ್ಲ” ಎನ್ನುತ್ತಿದ್ದಳು. ನನ್ನನ್ನು ಕರೆಯುವುದು ನಿಂತಿತು.

ಆಗ ನಾನು ಬಾಗಿಲ ಬಳಿಯ ಆ ಸ್ವಿಚ್ಚನ್ನು ಆಫ್ ಮಾಡತೊಡಗಿದೆ, ಅವಳಿಗೆ ಜೊಂಪು ಹತ್ತಿದಾಗ. ಹೊರಗೆ ಕುಳಿತು ಕೇಳುತ್ತಿದ್ದೆ: “ಫ್ಯಾನ್ ಆನ್. ಫ್ಯಾನ್ ಆನ್.” ಕೊನೆಗೆ ಸೋತು ನನ್ನನ್ನೇ ಕರೆಯಬೇಕು. ಹೋಗಿ ಸ್ವಿಚ್ ಹಾಕಿ, “ನಿನ್ನ ಡಬ್ಬಿಗೆ ಬುದ್ಧಿ ಇಲ್ಲ” ಎನ್ನುತ್ತಿದ್ದೆ. ಫ್ಯಾನು ಹಾಳು, ಹಿಂದೆ ಕೊಟ್ಟುಬಿಡು ಎಂದು ಮಗಳಿಗೆ ಫೋನೂ ಮಾಡಿದೆ. ಚರ್ಚಿನಲ್ಲಿ ಪಾಪನಿವೇದನೆಗೆ ಮೊಣಕಾಲೂರಿದಾಗ ‘ಹೆಂಡತಿಯ ಮೇಲೆ ಸಿಟ್ಟು ಮಾಡಿದೆ’ ಎಂದಷ್ಟೇ ಹೇಳಿ ಎದ್ದು ಬಂದೆ.

ಒಂದು ಮಧ್ಯಾಹ್ನ ಅವಳು ಡಬ್ಬಿಗೆ ಹೇಳಿ ಹೇಳಿ ಸುಮ್ಮನಾದಳು. ಕಾದೆ. ಕರೆಯಲಿಲ್ಲ. ಒಳಗೆ ಹೋದರೆ ಗಾಳಿಗಾಗಿ ಮಂಚದ ಅಂಚಿಗೆ ತೆವಳಿ, ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದು ಅರ್ಧ ನೇತಾಡುತ್ತಿದ್ದಳು. ನೈಟಿ ಬೆವರಿಗೆ ಒದ್ದೆ.

“ಕರೆಂಟ್ ಹೋಗಿದೆ,” ಎಂದೆ.

“ಫ್ರಿಜ್ ಶಬ್ದ ಕೇಳ್ತಾ ಉಂಟು.”

ಎತ್ತಲು ಹೋದೆ. “ಮುಟ್ಟಬೇಡಿ,” ಎಂದಳು. ಸರಳು ಬಿಡದೆ ತಾನೇ ಹಿಂದಕ್ಕೆ ಜಾರಿಕೊಂಡಳು.

ಆದಿತ್ಯವಾರ ಮಗಳು ಫ್ಯಾನು ಬಿಚ್ಚಿಸಲು ಎಲೆಕ್ಟ್ರಿಶಿಯನ್‌ನನ್ನು ಕರೆದುಕೊಂಡೇ ಬಂದಳು. ಅವನು ಏಣಿ ಹತ್ತುವಷ್ಟರಲ್ಲಿ ಹೆಂಡತಿ ನನ್ನ ಕಡೆ ತಿರುಗಿ, “ನೀವು ಹೇಳುವುದಾ, ನಾನು ಹೇಳಬೇಕಾ?” ಎಂದಳು.

ಹೇಳಿದೆ. ಸ್ವಿಚ್ಚಿನದ್ದು, ಫೋನಿನದ್ದು, ಕಾಯಿಸುತ್ತಿದ್ದದ್ದು, ಎಲ್ಲವನ್ನೂ ಹೊರಗಿನವನೊಬ್ಬ ಏಣಿಯ ಮೇಲೆ ನಿಂತು ಕೇಳುತ್ತಿರುವಾಗಲೇ ಹೇಳಿದೆ. ಕ್ಷಮಿಸು ಎಂದೆ.

“ಕ್ಷಮೆಯನ್ನು ಫಾದರಲ್ಲಿ ಕೇಳಿ. ನನಗೆ ಆ ಸ್ವಿಚ್ ಇರಬಾರದು.”

ಮಗಳು ನನ್ನ ಮುಖ ನೋಡಲಿಲ್ಲ. ಎಲೆಕ್ಟ್ರಿಶಿಯನ್ ವಯರನ್ನು ನೇರ ಜೋಡಿಸಿ, ಸ್ವಿಚ್ ಇದ್ದಲ್ಲಿ ಬರೇ ಪ್ಲೇಟು ಕೂರಿಸಿದ.

ಈಗಲೂ ಸಂಜೆ ಅವಳ ಕೋಣೆಯಲ್ಲಿ ಕುರ್ಚಿ ಹಾಕಿ ಕೂರುತ್ತೇನೆ. ಅವಳು ಬನ್ನಿ ಎನ್ನುವುದಿಲ್ಲ, ಹೋಗಿ ಎನ್ನುವುದೂ ಇಲ್ಲ. ಸಾಕಾದಾಗ ಡಬ್ಬಿಗೆ “ಲೈಟ್ ಆಫ್” ಎನ್ನುತ್ತಾಳೆ. ನಾನು ಕತ್ತಲಲ್ಲಿ ಗೋಡೆ ತಡವುತ್ತ ಹೊರಗೆ ಬರುತ್ತೇನೆ.