ಸಾಮ್ರಾಟನ ಕಣ್ಣು

ಕೊರಿಯದ ಗಡಿಗೆ ಹತ್ತಿರದ ಚೀನೀ ಪಟ್ಟಣ ಯಾನ್ಜಿಯ ನಮ್ಮ ಓಣಿಯ ಮ್ಯೋಂಗ್‌ಸುನ್ ಅಜ್ಜಿ ಕೊರಿಯದವರ ಮಗಳು, ಚೀನೀಯನ ಹೆಂಡತಿ. ಹಾಗಾಗಿ ಅವಳ ಟಿವಿಯಲ್ಲಿ ಒಬ್ಬನೇ ಸಾಮ್ರಾಟ ಎರಡು ವೇಷದಲ್ಲಿ ಬರುತ್ತಾನೆ. ಚೀನಾದ ಧಾರಾವಾಹಿಯಲ್ಲಿ ಹಳೆಗಾಲದ ಆ ತಾಂಗ್ ವಂಶದ ದೊರೆ ಎರಡೂ ಕಣ್ಣು ತೆರೆದು, ಗಡ್ಡ ನೀವುತ್ತಾ ಧರ್ಮ ನುಡಿಯುತ್ತಾನೆ. ಕೊರಿಯದ್ದರಲ್ಲಿ ಕೋಟೆಗೆ ಮುತ್ತಿಗೆ ಹಾಕಲು ಬಂದು, ಕಣ್ಣಿಗೆ ಬಾಣ ನೆಟ್ಟು ಕಿರುಚುತ್ತಾ ಬೀಳುತ್ತಾನೆ. ಬಾಣದ ಕಂತು ಬಂದರೆ ಅಜ್ಜಿ ಕಿಮ್ಚಿ ಉಪ್ಪಿನಕಾಯಿ ಕಲಸಿದ ಕೈ ತೊಳೆಯದೆ ಓಡಿಬಂದು “ಹೊಡೀರೋ ಅವನಿಗೆ!” ಎಂದು ಕೂಗುತ್ತಿದ್ದಳು. “ಸುಳ್ಳು ಕಣೇ! ಯಾವ ಪುಸ್ತಕದಲ್ಲಿದೆ?” ಎಂದು ಅವಳ ಗಂಡ ಗೆಂಗ್ ಅಜ್ಜ ಎದ್ದು ನಿಲ್ಲುತ್ತಿದ್ದ. “ನಾಚಿಕೆಗೆ ನಿಮ್ಮೋರು ಬರೆದಿಲ್ಲ, ಬಿಡ್ರೀ!” ನಲವತ್ತು ವರ್ಷ ಇದೇ ಯುದ್ಧ. ಮಹಡಿಯ ಬಾಡಿಗೆದಾರನಾದ ನಾನು ಇಬ್ಬರಿಗೂ ತಲೆಯಾಡಿಸಿ, ಇಬ್ಬರ ಕೈತಿಂಡಿಯನ್ನೂ ತಿಂದು ಹೊಟ್ಟೆ ಬೆಳೆಸಿಕೊಂಡವನು. ಈ ಚಳಿಗಾಲ ಅಜ್ಜನಿಗೆ ಲಕ್ವ ಹೊಡೆದು ಮಾತು ನಿಂತಿತು. ಮಾತಾಡಿಸುತ್ತಲೇ ಇರಿ, ಬಂದರೂ ಬರಬಹುದು ಎಂದರು ವೈದ್ಯರು. ಅಜ್ಜಿ ಮುದ್ದಿನ ಮಾತಿಗೆ ಹೋಗಲಿಲ್ಲ. ದಿನಾ ಮಧ್ಯಾಹ್ನ ಗಂಡನನ್ನು ದಿಂಬಿಗೆ ಒರಗಿಸಿ, ಅದೇ ಬಾಣದ ಕಂತು ಹಾಕಿ, “ನೋಡ್ರೀ, ಹೋಯ್ತು ನಿಮ್ಮ ದೊರೆ ಕಣ್ಣು!” ಎಂದು ಕೆಣಕಿದಳು. ಮೂರು ತಿಂಗಳು ಒಂದು ದಿನವೂ ಬಿಡಲಿಲ್ಲ. ನಿನ್ನೆ ನಾನು ಸೂಪಿನ ಬಟ್ಟಲು ಹಿಡಿದು ಪಕ್ಕದಲ್ಲೇ ಕೂತಿದ್ದೆ. ಬಾಣ ನೆಟ್ಟಿತು, ಅಜ್ಜನ ತುಟಿ ಅದುರಿತು. “ಸು... ಸುಳ್ಳು!” ಅಜ್ಜಿ ಕಿಟಕಿ ತೆರೆದು “ಬೈದ್ರು! ನಮ್ಮನೆಯವರು ಬೈದ್ರು!” ಎಂದು ಇಡೀ ಓಣಿಗೆ ಸಾರಿ, ರಿಮೋಟ್ ಎತ್ತಿಕೊಂಡು ಕಂತನ್ನು ಹಿಂದಕ್ಕೋಡಿಸಿದಳು. ಸಂಜೆಯೊಳಗೆ ಸಾಮ್ರಾಟನ ಕಣ್ಣು ಹನ್ನೊಂದು ಸಲ ಹೋಯಿತು. ಹನ್ನೊಂದು ಸಲವೂ ಅಜ್ಜ “ಸುಳ್ಳು!” ಎಂದು ಅದನ್ನು ಉಳಿಸಿದ.