ನಲವತ್ತು ಆಟದ ಡಬ್ಬ

ಆ ಡಬ್ಬದ ರಟ್ಟಿನ ಪೆಟ್ಟಿಗೆ ಮೇಲೆ ‘ನಲವತ್ತು ಆಟಗಳು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಶುದ್ಧ ಸುಳ್ಳು. ಒಳಗಿದ್ದದ್ದು ಮೂರೇ ಮೂರು. ಆ ಮೂರನ್ನು ಬರೆದವಳು ನಾನು, ಮೂರನ್ನು ನಲವತ್ತು ಮಾಡಿದವಳೂ ನಾನೇ. ಈಗ ನೆನೆದರೂ ಮೈ ಉರಿಯುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಡಬ್ಬಗಳನ್ನು ಯಶವಂತಪುರದ ಒಂದು ಶೆಡ್ಡಿನಲ್ಲಿ ಜೋಡಿಸುತ್ತಿದ್ದರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದ ನನ್ನನ್ನು ಅವಕ್ಕೆ ಆಟದ ಪ್ರೋಗ್ರಾಮ್ ಬರೆಯಲು ಇಟ್ಟುಕೊಂಡರು. ಚೆಂಡು ತಟ್ಟುವ ಆಟ, ಕಾರಿನ ಆಟ ಎರಡನ್ನೂ ಬೇಗ ಮುಗಿಸಿದೆ. ಮೂರನೆಯದು ಚಿನ್ನಿದಾಂಡು. ಅದನ್ನು ಬರೆಯಲು ಯಾರೂ ಹೇಳಿರಲಿಲ್ಲ, ನಾನೇ ಆಸೆಪಟ್ಟು ಹಿಡಿದದ್ದು.

ಆಸೆಯೇನೋ ಸರಿ, ಜಾಗ ಬೇಕಲ್ಲ? ಆಟ ಬರೆದಿಡುವ ನಮ್ಮ ಚಿಪ್ಪಿನಲ್ಲಿ ಹಿಡಿಸುತ್ತಿದ್ದದ್ದು ನಾಲ್ಕು ಪುಟದಷ್ಟು ಅಕ್ಷರ. ಮೂರು ಆಟವೂ ಅಷ್ಟರಲ್ಲೇ ಕೂರಬೇಕು. ಮೇಲಾಗಿ ನಮ್ಮ ಡಬ್ಬಕ್ಕೆ ಚಿತ್ರವನ್ನು ನೆನಪಿಟ್ಟುಕೊಳ್ಳುವ ಯೋಗ್ಯತೆಯೂ ಇರಲಿಲ್ಲ. ಟೀವಿ ಒಂದೊಂದು ಗೆರೆ ಎಳೆಯುವಾಗಲೂ ಆ ಗೆರೆಯಲ್ಲಿ ಏನಿರಬೇಕೆಂದು ಆ ಕ್ಷಣಕ್ಕೇ ಹೇಳಬೇಕು. ತಡವಾದರೆ ಚಿತ್ರ ಚಿಂದಿ. ಗುಣಾಕಾರ ಮಾಡುತ್ತಾ ಕೂರಲು ಪುರುಸೊತ್ತಿಲ್ಲದ ಕಾರಣ, ಹಾರುವ ಚಿನ್ನಿ ಯಾವ ಗಳಿಗೆಯಲ್ಲಿ ಎಷ್ಟು ಎತ್ತರದಲ್ಲಿರಬೇಕು ಎಂಬ ಪಟ್ಟಿಯನ್ನು ಮೊದಲೇ ಬರೆದಿಡಬೇಕಿತ್ತು.

ಆ ಪಟ್ಟಿ ಕೊಟ್ಟವನು ಅಪ್ಪ. ಹೆಬ್ಬಾಳದ ಹಳೇ ಊರಲ್ಲಿ ಹಸು ಕಟ್ಟಿಕೊಂಡಿದ್ದವನು, ಹುಡುಗನಾಗಿದ್ದಾಗ ಚಿನ್ನಿದಾಂಡಿನಲ್ಲಿ ಎತ್ತಿದ ಕೈ. ಭಾನುವಾರಗಳಂದು ಕೆರೆ ಏರಿಯ ಕೆಳಗೆ ನಿಂತು ಚಿನ್ನಿ ಹೊಡೆಯುತ್ತಿದ್ದ, ನಾನು ದೂರ ಕೂತು ಅದು ಏರಿ ಬಾಗಿ ಬೀಳುವುದನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತಿದ್ದೆ. "ಇನ್ನೊಂದ್ ಒಡೀಲಾ ಮಗ?" ಎಂದು ಕೇಳಿ ಕೇಳಿ ಹೊಡೆದ. ಕೊನೆಗೆ ಶೆಡ್ಡಿನ ಟೀವಿಯಲ್ಲಿ ಚಿನ್ನಿ ಥೇಟ್ ಹಾಗೇ ಬಾಗಿ ಬಿದ್ದಾಗ ಒಬ್ಬಳೇ ಚಪ್ಪಾಳೆ ಹೊಡೆದುಕೊಂಡೆ.

ಅಷ್ಟರಲ್ಲಿ ಆರ್‌ಟಿ ನಗರದ ಇನ್ನೊಬ್ಬರು ತಮ್ಮ ಡಬ್ಬವನ್ನು ಮಾರುಕಟ್ಟೆಗೆ ಇಳಿಸಿದರು. ಅವರದು ಬೇರೆ ಚಿಪ್ಪು. ಆಟದ ಬೊಂಬೆಯನ್ನು ಎಲ್ಲಿಡಬೇಕೆಂದು ಹೇಳಿದರೆ ಸಾಕು, ಚಿತ್ರವನ್ನು ತಾನೇ ಬರೆದುಕೊಳ್ಳುತ್ತಿತ್ತು. ನಾನು ತಿಂಗಳು ಗುದ್ದಾಡುವುದನ್ನು ಅವರು ವಾರದಲ್ಲಿ ಮುಗಿಸುತ್ತಿದ್ದರು. ಅವರ ಪೆಟ್ಟಿಗೆಯ ಮೇಲೆ ‘ಇಪ್ಪತ್ತು ಆಟಗಳು’ ಎಂದಿತ್ತು. ಅದನ್ನು ನಮ್ಮ ಮಾಲೀಕರು ನನ್ನ ಮೇಜಿನ ಮೇಲೆ ಕುಕ್ಕಿದರು.

"ನಮ್ದು ನಲವತ್ತಾಗ್ಬೇಕು. ದೀಪಾವಳಿಗೆ."

"ಸಾರ್, ಮೂರಕ್ಕೇ ಜಾಗ ಇಲ್ಲ."

"ಬಣ್ಣ ಬದಲಾಯ್ಸಮ್ಮಾ, ಒಂದಾಟ ಆಯ್ತು. ಸ್ಪೀಡ್ ಜಾಸ್ತಿ ಮಾಡು, ಇನ್ನೊಂದಾಯ್ತು. ಅಂಗ್ಡಿಯವ್ರು ಆಟ ಎಣಿಸ್ತಾರೆ ಕಣಮ್ಮಾ, ಆಡಲ್ಲ."

ನಲವತ್ತು ಹೆಸರುಗಳನ್ನು ತುಂಬಲು ಜಾಗ ಬೇಕಿತ್ತು. ತೆಗೆಯಬಹುದಾಗಿದ್ದದ್ದು ಎತ್ತರದ ಪಟ್ಟಿಯೊಂದೇ. ಅದು ಹೋದರೆ ಚಿನ್ನಿ ಬಾಗುವುದಿಲ್ಲ ಎಂದೆ. "ಬಾಗ್ದಿದ್ರೆ ಏನ್ ಗಂಟು ಹೋಗುತ್ತೆ?" ಎಂದರು. ಕೆಲಸ ಬಿಡುತ್ತೇನೆ ಎನ್ನುವ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಆದರೂ ನನ್ನ ಕೈಯಾರೆ ಪಟ್ಟಿ ಅಳಿಸಿದೆ. ಕೆಂಪು ಚಿನ್ನಿ, ಹಸಿರು ಚಿನ್ನಿ, ವೇಗದ ಚಿನ್ನಿ ಎಂದು ಹೆಸರು ತುಂಬಿದೆ. ಅವರಿಗೆ ಹಿಡಿಶಾಪ ಹಾಕುತ್ತಲೇ ತುಂಬಿದೆ. ಬೈದುಕೊಂಡು ಮಾಡಿದರೇನು, ಮಾಡಿದ್ದು ಮಾಡಿದ್ದೇ.

ದೀಪಾವಳಿಗೆ ಬೋನಸ್ ಎಂದು ಒಂದು ಡಬ್ಬ ಕೊಟ್ಟರು. ಹಬ್ಬದ ಮಧ್ಯಾಹ್ನ ಮನೆಯ ಟೀವಿಗೆ ಸಿಕ್ಕಿಸಿದೆ. ಎಣ್ಣೆಸ್ನಾನ ಮಾಡಿ ಹೊಸ ಪಂಚೆ ಉಟ್ಟಿದ್ದ ಅಪ್ಪ ಮುಂದೆ ಬಂದು ಕೂತ. ಗುಂಡಿ ಒತ್ತಿದ. ಚಿನ್ನಿ ಎಳೆದ ದಾರದ ಹಾಗೆ ಪರದೆಯ ಆಚೆ ತುದಿಗೆ ಹೋಯಿತು. ಇನ್ನೊಮ್ಮೆ ಒತ್ತಿದ. ಮತ್ತೆ ಹಾಗೇ.

"ಇದೇನ್ ಮಗ, ಚಿನ್ನಿ ಇಂಗೆ ನೆಟ್ಟಗೆ ಓಯ್ತದಾ? ನಾನ್ ಒಡದಿದ್ದು ಇಂಗಲ್ವಲ್ಲ?"

ಅಳಿಸಿದವಳು ನಾನೇ ಎಂದು ಹೇಳಬೇಕಿತ್ತು. ಮಾಲೀಕರನ್ನಾದರೂ ಬೈಯಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಟೀವಿ ಸರಿಯಿಲ್ಲಪ್ಪಾ."

ಅಪ್ಪ ಒಪ್ಪಿಕೊಂಡ. ಟೀವಿ ಕೆಟ್ಟರೆ ಯಾರ ಮನೆಯಲ್ಲಾದರೂ ಮಾಡುತ್ತಿದ್ದದ್ದು ಒಂದೇ, ಆಂಟೆನಾ ತಿರುಗಿಸುವುದು. ಹೊಸ ಪಂಚೆ ಎತ್ತಿ ಕಟ್ಟಿಕೊಂಡು ಏಣಿ ಹತ್ತಿ ತಾರಸಿಗೆ ಹೋದ. ಆಂಟೆನಾದ ಕೊಳವೆ ಕಿರಗುಟ್ಟುವುದು ಕೆಳಗೆ ಕೇಳುತ್ತಿತ್ತು. ಅದರ ತಂತಿಯನ್ನು ಡಬ್ಬ ಸಿಕ್ಕಿಸುವಾಗಲೇ ಕಿತ್ತು ಹಾಕಿದ್ದೆ, ನನ್ನ ಕಾಲ ಬಳಿ ಬಿದ್ದಿತ್ತು.

"ಈಗ ಬಾಗ್ತಾ ಮಗ?" ಎಂದು ಮೇಲಿನಿಂದ ಕೂಗಿದ.

ನಾನು ಗುಂಡಿ ಒತ್ತಿ ನೋಡಿದೆ.

"ಇಲ್ಲಪ್ಪಾ. ಇನ್ನೊಂಚೂರು ತಿರುಗ್ಸು" ಎಂದೆ.