ರೊಟ್ಟಿಯವರು ಆರಿಸಿದ ಆ್ಯಪ್

"ನಿಮ್ಮಲ್ಲಿ ಸಿಸ್ಟಮ್ ಇಲ್ಲ ಮೇಡಂ" ಎಂದು ಆ ಸಾಹೇಬರು ನಮ್ಮ ಪಡಸಾಲೆಯಲ್ಲಿ ಕೂತು, ನಮ್ಮದೇ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತ ಹೇಳಿದರು. ಬಾಯಲ್ಲಿ ನಮ್ಮ ರೊಟ್ಟಿ, ಮಾತಿನಲ್ಲಿ ನಮ್ಮ ಕೊರತೆ. ಯಾರಾದರೂ ತಲೆಯ ಮೇಲೆ ನಿಂತು ಹೀಗೆ ಮಾಡು, ಹಾಗೆ ಮಾಡು ಎಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಆದರೂ ಮನೆಗೆ ಬಂದವರೆಂದು ಅಂದು ಇನ್ನೊಂದು ರೊಟ್ಟಿಯನ್ನೂ ನೀಡಿದೆ.

ಸಿಂದಗಿಯ ನಮ್ಮ ಮನೆಯಿಂದ ನಾನು ಖಡಕ್ ರೊಟ್ಟಿಯ ವ್ಯವಹಾರ ನೋಡಿಕೊಳ್ಳುತ್ತೇನೆ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ನಾಲ್ಕು ಕಡೆ ಇದ್ದಾರೆ. ಇಂಡಿ ತಾಲ್ಲೂಕಿನವರು ಲಚ್ಯಾಣದಲ್ಲಿ, ಸಿಂದಗಿ ತಾಲ್ಲೂಕಿನವರು ದೇವಣಗಾಂವದಲ್ಲಿ, ಉಳಿದವರು ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯಲ್ಲಿ. ಒಂದೊಂದು ಕಡೆಯೂ ಒಬ್ಬಾಕೆ ಮುಂದಾಗಿ ಕೆಲಸ ಹಿಡಿಯುತ್ತಾಳೆ, ತನ್ನ ಓಣಿಯವರಿಗೆ ಹಂಚುತ್ತಾಳೆ. ರೊಟ್ಟಿ ಬುಟ್ಟಿಯಲ್ಲಿ ಕೂತು ಬಸ್ಸಿನಲ್ಲಿ ಬರುತ್ತದೆ, ನಾನು ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತೇನೆ. ಇದರಲ್ಲಿ ಸಿಸ್ಟಮ್ ಎಲ್ಲಿಲ್ಲವೋ ನನಗೆ ತಿಳಿಯಲಿಲ್ಲ.

ಆದರೆ ಸಾಹೇಬರು ತಂದಿದ್ದು ಸಣ್ಣ ಮಾತಲ್ಲ. ಅವರ ಕಂಪನಿ ದೊಡ್ಡ ಊರುಗಳ ಹಾಸ್ಟೆಲು, ಕ್ಯಾಂಟೀನುಗಳಿಗೆ ಊಟದ ಸಾಮಾನು ಕೊಡುತ್ತದಂತೆ. ನಮಗೆ ಮದುವೆ ಸೀಜನ್ ಮುಗಿದರೆ ರೊಟ್ಟಿ ಬೇಯಿಸುವ ಹಂಚು ತಣ್ಣಗಾಗುತ್ತದೆ. ಅವರು ಹೇಳಿದಂತೆ ನಡೆದರೆ ವರ್ಷವಿಡೀ ಹಂಚು ಬಿಸಿಯಾಗಿಯೇ ಇರುತ್ತಿತ್ತು. ಅವರದು ಒಂದೇ ಷರತ್ತು: ಯಾರ ಕೈಯಲ್ಲಿ ಯಾವ ಕೆಲಸವಿದೆ ಎನ್ನುವುದು ಫೋನಿನಲ್ಲೂ ಕಂಪ್ಯೂಟರಿನಲ್ಲೂ ಕಾಣಬೇಕು. ಅದಕ್ಕೊಂದು ಆ್ಯಪ್ ಹಾಕಿಕೊಳ್ಳಿ, ಮೊದಲ ಆರ್ಡರ್ ನೋಡಿ ಮುಂದಿನ ಮಾತು ಎಂದರು.

ಒಂದು ಮಾತು ಒಪ್ಪಬೇಕು, ನನಗೂ ಅಂಥದೊಂದು ಬೇಕಾಗಿತ್ತು. ಅಲ್ಲಿಯವರೆಗೆ ಎಲ್ಲ ನಡೆಯುತ್ತಿದ್ದುದು ವಾಟ್ಸಾಪ್ ಗ್ರೂಪಿನಲ್ಲಿ. ಬೆಳಗಾದರೆ ಗುಲಾಬಿ ಹೂವು, ಶುಭ ಸೋಮವಾರ, ಯಾರದೋ ಮೊಮ್ಮಗನ ಹುಟ್ಟುಹಬ್ಬ, ಕಾಲುನೋವಿಗೆ ಎಕ್ಕದ ಎಲೆ. ನಡುವೆ ನನ್ನ ಆರ್ಡರ್ ಎಲ್ಲಿ ಮುಳುಗಿತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಗೇವಾಡಿಗೆ ಹಾಕಿದ್ದ, ಮಗುವಿನ ಜವಳದ ಕಾರ್ಯವಿದ್ದ ಮನೆಯೊಂದರ ಆರ್ಡರ್ ಹೀಗೇ ಹೂವಿನಡಿ ಸಿಕ್ಕಿ, ಕೊನೆಗೆ ನಾನೇ ಹಂಚಿನ ಮುಂದೆ ಕೂತು ಬಡಿದು ಕಳಿಸಿದ್ದೆ. ಸೊಂಟ ಬಿದ್ದುಹೋಗಿತ್ತು.

ಸಾಹೇಬರು ತಮ್ಮ ಕಂಪನಿಯದೇ ಆ್ಯಪ್ ತೋರಿಸಿದ್ದರು. ಅದರೊಳಗೆ ಹೊಕ್ಕರೆ ಹೊರಗೆ ಬರುವ ದಾರಿ ಸಿಗದು. ಎಡಕ್ಕೊಂದು ಸಾಲು ಚಿತ್ರ, ಮೇಲೊಂದು ಸಾಲು ಬಣ್ಣದ ಡಬ್ಬಿ, ಎಲ್ಲ ಇಂಗ್ಲಿಷು. ಇದಲ್ಲ ಎಂದು ನಾನೇ ಹುಡುಕತೊಡಗಿದೆ. ಒಂದು ಆ್ಯಪ್ ಫೋನಿನಲ್ಲಿ ಚೆನ್ನಾಗಿತ್ತು, ಕಂಪ್ಯೂಟರಿಗೆ ಹಾಕಿದರೆ ಕನ್ನಡ ಅಕ್ಷರದ ಕಾಲು ಕೈ ಮುರಿದು ಬೀಳುತ್ತಿದ್ದವು. ಇನ್ನೊಂದಕ್ಕೆ ನೆಟ್ ಇಲ್ಲದಿದ್ದರೆ ಉಸಿರೇ ಇಲ್ಲ. ಇಂಡಿ ದಾರಿಯಲ್ಲಿ ಬಸ್ಸು ನಾಲ್ಕು ಹೊಲ ದಾಟುವಷ್ಟರಲ್ಲಿ ನೆಟ್ ಹೋಗುತ್ತದೆ, ನಾನು ಅದನ್ನು ಕಾಯುತ್ತ ಕೂರಲೇ? ಮತ್ತೊಂದು, ಹಾಲು ತರುವುದು ಎಂದು ಬರೆದು ಟಿಕ್ ಹಾಕಿದ್ದಕ್ಕೆ ಪರದೆಯ ತುಂಬ ಬಣ್ಣದ ಕಾಗದ ಉದುರಿಸಿ ನನಗೆ ಅಭಿನಂದನೆ ಹೇಳಿತು. ಹಾಲು ತಂದದ್ದಕ್ಕೆ ಅಭಿನಂದನೆ! ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಯಾರೂ ಹೇಳಿರಲಿಲ್ಲ. ತೆಗೆದೊಗೆದೆ.

ಕಂಪ್ಯೂಟರ್ ಮುಂದೆ ನನ್ನ ಗೊಣಗಾಟ ಕೇಳಿ ನಮ್ಮ ಯಜಮಾನರು ನಗುತ್ತಿದ್ದರು.

"ವರಾ ಹುಡುಕೂದು ಇದಕಿಂತ ಹಗರ ಬಿಡ" ಎಂದರು.

"ಅದನ್ನ ನಮ್ಮಪ್ಪ ಹುಡುಕಿದ್ದ, ಅದಕ್ಕ ಹಿಂಗಾಗೇತಿ. ಇದನ್ನ ನಾನ ಹುಡುಕ್ತೇನಿ" ಎಂದೆ.

ಕೊನೆಗೆ ಸಿಕ್ಕಿತು. ಬಿಳಿ ಹಾಳೆಯಂಥ ಪರದೆ. ಕೆಲಸ ಬರೆಯಬೇಕು, ಪಕ್ಕದಲ್ಲಿ ಒಂದು ಗುಂಡಿ, ಗುಂಡಿ ಒತ್ತಿದರೆ ಟಿಕ್. ಅಷ್ಟೇ. ಕನ್ನಡ ಬರುತ್ತದೆ, ಫೋನಿನಲ್ಲಿ ಬರೆದದ್ದು ಕಂಪ್ಯೂಟರಿನಲ್ಲಿ ಕಾಣುತ್ತದೆ, ನೆಟ್ ಹೋದರೆ ಬರುವ ತನಕ ತಾಳಿಕೊಂಡಿರುತ್ತದೆ. ಮೊದಲ ದಿನವೇ ಯಜಮಾನರ ಹೆಸರಿಗೆ ಗಿರಣಿಗೆ ಹೋಗಿ ಬರುವ ಕೆಲಸ ಬರೆದೆ. ಆ ಮನುಷ್ಯ ಹೋಗಿಯೂ ಬಂದರು. ಆಮೇಲೆ ನಾಲ್ಕೂ ಊರಿಗೆ ನಾನೇ ಬಸ್ಸು ಹತ್ತಿ ಹೋಗಿ ಹೆಣ್ಣುಮಕ್ಕಳ ಫೋನಿಗೆ ಹಾಕಿಕೊಟ್ಟೆ. "ನಿಮ್ಮ ಊರಿನ ಕೆಲಸ ಬಂತಂದ್ರ ಈ ಗುಂಡಿ ಒತ್ತರಿ" ಎಂದು ತೋರಿಸಿ ಬಂದೆ. ಸಾಹೇಬರಿಗೂ ಅವರ ಕಂಪ್ಯೂಟರಿನಲ್ಲಿ ಅದು ಕಾಣುವಂತೆ ಮಾಡಿದೆ.

ಸಾಹೇಬರ ಮೊದಲ ಆರ್ಡರ್ ಬಂತು. ಶುಕ್ರವಾರಕ್ಕೆಂದು ನಾಲ್ಕೂ ಊರಿಗೆ ಹಂಚಿ ಬರೆದು ಹಾಕಿದೆ. ಮರುದಿನ ಮುಂಜಾನೆ ನಾನು ಚಹಾ ಕುಡಿಯುವಷ್ಟರಲ್ಲಿ ನಾಲ್ಕೂ ಕಡೆಯಿಂದ ಟಿಕ್ ಬಿದ್ದಿತ್ತು. ಸಾಹೇಬರು ಫೋನಿನಲ್ಲಿ ಹಿಗ್ಗಿದರು. "ವಂಡರ್‌ಫುಲ್ ಮೇಡಂ, ಇಷ್ಟು ಬೇಗ ಮುಗಿಸಿದರಾ? ಗಾಡಿ ಇವತ್ತೇ ಕಳಿಸಲಾ?" ಎಂದರು. "ಗಾಡಿ ಶುಕ್ರವಾರನ ಕಳಸ್ರಿ" ಎಂದು ಫೋನ್ ಇಟ್ಟೆ. ಅಷ್ಟು ರೊಟ್ಟಿ ಒಂದು ರಾತ್ರಿಯಲ್ಲಿ ಆಗುವುದು ಸಾಧ್ಯವೇ ಇಲ್ಲ. ದೇವಣಗಾಂವದ ದೊಡ್ಡವ್ವನಿಗೆ ಫೋನ್ ಹಚ್ಚಿದೆ. ಸಿಂದಗಿ ತಾಲ್ಲೂಕಿನ ಕೆಲಸ ಹಿಡಿಯುವಾಕೆ ಅವಳೇ. ನನ್ನ ಬಳಗವಲ್ಲ, ಆದರೂ ಎಲ್ಲರ ಬಾಯಲ್ಲೂ ದೊಡ್ಡವ್ವ.

"ದೊಡ್ಡವ್ವಾ, ರೊಟ್ಟಿ ಆಗ್ಯಾವೇನು?"

"ಎಲ್ಲಿ ರೊಟ್ಟಿ, ಇನ್ನಾ ಜ್ವಾಳ ಹಸನ ಮಾಡಾಕತ್ತೇನಿ. ನೀ ಹೇಳಿದ್ದು ಶುಕ್ರವಾರಕ್ಕಲ್ಲೇನು?"

"ಮತ್ತ ಟಿಕ್ ಯಾಕ ಹಾಕಿದಿ?"

"ಅಯ್ಯ, ಕೆಲಸಾ ಹಿಡದೇನಿ, ಅದಕ್ಕ ಹಾಕೇನಿ. ಎಲಿ ಅಡಿಕಿ ಕೊಟ್ರ ಹಿಡ್ಯೂದಿಲ್ಲೇನು, ಹಂಗ."

ಲಚ್ಯಾಣಕ್ಕೆ ಮಾಡಿದೆ, ಮುದ್ದೇಬಿಹಾಳಕ್ಕೆ ಮಾಡಿದೆ, ಬಾಗೇವಾಡಿಗೆ ಮಾಡಿದೆ. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಎಲ್ಲರೂ ಅದನ್ನೇ ಹೇಳಿದರು. ನಾನು ಗೋಡೆಗೆ ಒರಗಿ ಕೂತು ನಕ್ಕೆ. ನಮ್ಮ ಕಡೆ ಮದುವೆ ಮನೆಯವರು ರೊಟ್ಟಿಗೆಂದು ಓಣಿಗೆ ಹಿಟ್ಟು ಹಂಚುವಾಗ ಮೊದಲು ಎಲೆ ಅಡಿಕೆ ಕೊಡುತ್ತಾರೆ. ಅದನ್ನು ಕೈಯಲ್ಲಿ ಹಿಡಿದಾಕೆಯ ಮನೆಗೆ ಮತ್ತೆ ಹೋಗಿ "ಆಯ್ತೇನು, ಎಷ್ಟಾತು" ಎಂದು ಕೇಳುವುದಿಲ್ಲ. ಕೇಳಿದರೆ ಅವಳ ಮುಖಕ್ಕೆ ಹೊಡೆದಂತೆ. ರೊಟ್ಟಿ ಹೇಳಿದ ದಿನಕ್ಕೆ ಬರುತ್ತದೆ. ಮನೆಯಲ್ಲಿ ಏನೇ ಆಗಿರಲಿ, ಅವಳಿಗಾಗದಿದ್ದರೆ ಓಣಿಯ ಇನ್ನೊಬ್ಬಾಕೆಯ ಹಂಚಿನಿಂದಾದರೂ ಬರುತ್ತದೆ. ನಾನೂ ಹಾಗೆ ಎಲೆ ಹಿಡಿದೇ ಈ ಕೆಲಸಕ್ಕೆ ಬಂದವಳು. ಆ ಗುಂಡಿ ಒತ್ತಿದ ಹೆಣ್ಣುಮಕ್ಕಳಿಗೆ ಅದು ಮುಗಿದ ಕೆಲಸದ ಗುರುತಲ್ಲ, ಕೊಟ್ಟ ಮಾತು. ನನಗೆ ಬೇಕಾದದ್ದೂ ಅದೇ ಅಲ್ಲವೇ? ಯಾರು ಹಿಡಿದಿದ್ದಾರೆ ಎಂದು ಗೊತ್ತಾದರೆ ಸಾಕು. ಮುಗಿದದ್ದು ಬುಟ್ಟಿಯಲ್ಲಿ ಕೂತು ಬಸ್ಸಿಗೆ ಬರುತ್ತದೆ.

ಶುಕ್ರವಾರ ನಾಲ್ಕೂ ಕಡೆಯ ಬುಟ್ಟಿ ಬಂದವು. ಸಾಹೇಬರ ಗಾಡಿ ತುಂಬಿಕೊಂಡು ಹೋಯಿತು. ಒಂದು ರೊಟ್ಟಿಯೂ ಸೀದಿರಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಸಾಹೇಬರು ಮತ್ತೆ ಬಂದದ್ದು ಅದರ ಮುಂದಿನ ವಾರ. ಈ ಸಲ ರೊಟ್ಟಿ ಮುಟ್ಟಲಿಲ್ಲ. ಲ್ಯಾಪ್‌ಟಾಪ್ ತೆರೆದು ಆ ಟಿಕ್‌ಗಳನ್ನು ತೋರಿಸಿದರು.

"ಇದು ಸುಳ್ಳು ಮೇಡಂ. ಮಾಡದ ಕೆಲಸಕ್ಕೆ ಮಾಡಿದೆ ಅಂತ ಹಾಕಿದ್ದಾರೆ."

ನಾನು ಎಲೆ ಅಡಿಕೆಯ ಮಾತು ಬಿಡಿಸಿ ಹೇಳಿದೆ. "ರೊಟ್ಟಿ ಟೈಮಿಗೆ ಬಂದಾವಲ್ರಿ?" ಎಂದೂ ಕೇಳಿದೆ.

"ರೊಟ್ಟಿ ಬಂದದ್ದು ಬೇರೆ, ಡೇಟಾ ಬೇರೆ" ಎಂದರು. ಹಾಗೆಂದರೆ ಏನೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಇನ್ನು ಮೇಲೆ ಅವರ ಕಂಪನಿಯ ಆ್ಯಪ್ ಮಾತ್ರ ಎಂದರು. ಹಿಟ್ಟು ನಾದಿದಾಗೊಂದು ಫೋಟೋ, ಬಡಿದಾಗೊಂದು ಫೋಟೋ, ಬೇಯಿಸಿದಾಗೊಂದು ಫೋಟೋ. ಹಿಟ್ಟಿನ ಕೈಯಲ್ಲಿ ಫೋನು ಯಾರು ಹಿಡಿಯಬೇಕು? ಫೋನ್ ಎಲ್ಲಿದೆ ಎನ್ನುವುದೂ ಅವರಿಗೆ ಕಾಣುತ್ತದಂತೆ. ತಡವಾದರೆ ಹೆಸರು ಕೆಂಪಾಗುತ್ತದೆ. ಕೆಂಪಾದವರ ಹೆಸರು ಪಟ್ಟಿಯಿಂದ ತಾನೇ ಕಳಚಿ ಬೀಳುತ್ತದೆ. ಅಲ್ಲದೆ, ನಾಲ್ವರಲ್ಲಿ ಎಲ್ಲರಿಗಿಂತ ಮೊದಲು ಟಿಕ್ ಹಾಕಿದ ದೇವಣಗಾಂವದ ಮುದುಕಿಯನ್ನು ಈಗಲೇ ಕೆಲಸದಿಂದ ಬಿಡಿಸಿ, ಉಳಿದವರಿಗೆ ಪಾಠವಾಗಲಿ ಎಂದರು. ಒಪ್ಪಿದರೆ ವರ್ಷದ ಆರ್ಡರ್, ಇಲ್ಲದಿದ್ದರೆ ಇಲ್ಲ.

ಆಗುವುದಿಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ವರ್ಷದ ಕೆಲಸ ನನ್ನೊಬ್ಬಳದಲ್ಲ. ಲಚ್ಯಾಣದಾಕೆಯ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ನನ್ನ ಸಿಟ್ಟಿಗೆ ಅವರ ಹಂಚು ತಣ್ಣಗಾಗಬಾರದು. "ಕೂಡ್ರಿ, ಎಲ್ಲಾರನ್ನೂ ಕೇಳಿ ಹೇಳ್ತೇನಿ" ಎಂದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಫೋಟೋದಿಂದ ದೊಡ್ಡವ್ವನ ತನಕ ಎಲ್ಲವನ್ನೂ ಹೇಳಿದೆ. ಆಮೇಲೆ ಸಾಹೇಬರ ಮುಂದೆಯೇ ನಮ್ಮ ಬಿಳಿ ಹಾಳೆಯಲ್ಲಿ ಬರೆದೆ: "ಸಾಹೇಬರಿಗೆ 'ಆಗುವುದಿಲ್ಲ' ಎಂದು ಹೇಳುವುದು." ಇಂಡಿಗೊಂದು, ಮುದ್ದೇಬಿಹಾಳಕ್ಕೊಂದು, ಬಾಗೇವಾಡಿಗೊಂದು, ಸಿಂದಗಿಗೊಂದು. ಸಾಹೇಬರು ಓದಿದರು, ನಕ್ಕರು, ಚಹಾ ಕುಡಿಯತೊಡಗಿದರು.

ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಯಾರೂ ಒತ್ತದಿದ್ದರೆ ನಾನು ತಲೆ ತಗ್ಗಿಸಿ ಆ ಆ್ಯಪ್ ಹಾಕಿಕೊಳ್ಳಬೇಕಿತ್ತು, ಹಾಕಿಕೊಳ್ಳುತ್ತಲೂ ಇದ್ದೆ. ಮುದ್ದೇಬಿಹಾಳದ ಟಿಕ್ ಬಂತು. ಸ್ವಲ್ಪ ಹೊತ್ತಿಗೆ ಬಾಗೇವಾಡಿಯದು. ಲಚ್ಯಾಣದಾಕೆ ತಡ ಮಾಡಿದಳು. ಮಾಡಲಿ, ಅವಳ ಮನೆ ನನಗೆ ಗೊತ್ತು. ಕೊನೆಗೆ ಅವಳದೂ ಬಂತು, ನನ್ನ ಕಣ್ಣು ತುಂಬಿದವು. ಸಿಂದಗಿಯ ಗುಂಡಿ ಮಾತ್ರ ಖಾಲಿಯೇ ಇತ್ತು. ದೊಡ್ಡವ್ವನ ಫೋನ್ ಬಂತು.

"ತಂಗೀ, ನಾ ಒತ್ತೂದಿಲ್ಲ. ನನ್ನ ಸಲುವಾಗಿ ಎಲ್ಲಾರೂ ಹೊಟ್ಟಿಮ್ಯಾಲ ಯಾಕ ಹೊಡ್ಕೋತೀರಿ? ನಾ ಬಿಡ್ತೇನಿ. ನೀ ಆರ್ಡರ್ ಹಿಡಿ."

"ದೊಡ್ಡವ್ವಾ, ನಿನ್ನ ಸಲುವಾಗಿ ಅಂತ ಯಾರ ಹೇಳಿದ್ರು? ನಿನ್ನ ಮಾತ ಸುಳ್ಳಂದ್ರ ನಂದೂ ಸುಳ್ಳ, ಈ ನಾಕೂ ಊರಿನವ್ರದೂ ಸುಳ್ಳ. ನೀ ಹಂಚಿನ ಮುಂದ ಕೂತಿರು. ಸಿಂದಗ್ಯಾಗ ನಾನೂ ಅದೇನಿ."

ಫೋನ್ ಇಟ್ಟೆ. ಸಾಹೇಬರ ಕಣ್ಣೆದುರಿಗೇ ಸಿಂದಗಿಯ ಗುಂಡಿಯನ್ನು ನಾನೇ ಒತ್ತಿದೆ.

ಸಾಹೇಬರು ಪರದೆ ನೋಡಿದರು, ನನ್ನನ್ನು ನೋಡಿದರು. "ನೋಡಿ, ಮತ್ತೆ ಅದೇ. ನನಗೆ ನೀವಿನ್ನೂ ಏನೂ ಹೇಳೇ ಇಲ್ಲ, ಆಗಲೇ ಟಿಕ್ ಹಾಕಿಬಿಟ್ಟಿರಿ" ಎಂದರು.

"ಹೌದ್ರಿ, ಹಿಡದೇನಿ" ಎಂದೆ. "ಈಗ ಹೇಳ್ತೇನಿ, ಕೇಳ್ರಿ. ಆಗೂದಿಲ್ಲ."